ಕಲಾತ್ಮಕ ಚಿತ್ರದಲ್ಲಿ ಅಭಿನಯವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾವು ಎಂಟು ಮಂದಿ ಸ್ನೇಹಿತರು ತಿಂಗಳಿಗೊಂದು ಚಿತ್ರ ನೋಡುತ್ತೇವೆ. ಒಬ್ಬರು ಅದರ ಬಗ್ಗೆ ಬರೆದು ಓದುತ್ತಾರೆ, ಉಳಿದವರು ಚರ್ಚಿಸುತ್ತಾರೆ. ಈ ಸಲ ಬರೆಯುವ ಸರದಿ ನನ್ನದು. ಚಿತ್ರದಲ್ಲಿ ಹನ್ನೆರಡು ವರ್ಷಗಳ ಹಿಂದೆ ಮನೆ ಬಿಟ್ಟು ಹೋದ ಅಕ್ಕ ತಂದೆ ತೀರಿಕೊಂಡ ಸುದ್ದಿ ಕೇಳಿ ಹಿಂತಿರುಗುತ್ತಾಳೆ. ಅಷ್ಟೂ ವರ್ಷ ತಂದೆಯನ್ನು ನೋಡಿಕೊಂಡ ತಮ್ಮ ಅವಳೊಂದಿಗೆ ಹೆಚ್ಚು ಮಾತಾಡುವುದಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬಳು ಬಂದು ಹಳೆಯದನ್ನೆಲ್ಲ ಹೇಳುವ ಮೊದಲ ಅರ್ಧ ಗಂಟೆ ನನಗೆ ಬಹಳ ಬೇಸರವಾಯಿತು. ನಡುವೆ ಅಕ್ಕ ತಂದೆಯ ಬಟ್ಟೆಗಳನ್ನು ಮಡಿಸುವ ದೃಶ್ಯವಿದೆ. ನಾಲ್ಕು ನಿಮಿಷ, ಒಂದೇ ಶಾಟ್, ಕ್ಯಾಮೆರಾ ಅಲುಗುವುದಿಲ್ಲ, ಅವಳು ಅಳುವುದೂ ಇಲ್ಲ. ಒಂದು ಅಂಗಿಯನ್ನು ಮಾತ್ರ ಮೂರು ಸಲ ಮಡಿಸುತ್ತಾಳೆ. ಆಮೇಲೆ ತಮ್ಮ ತಟ್ಟೆ ಎಸೆದು, ಕೂಗಾಡಿ, ಬಿಕ್ಕಿ ಬಿಕ್ಕಿ ಅಳುತ್ತಾನೆ. ಕೊನೆಯಲ್ಲಿ ಅವನು ಮಾತಿಲ್ಲದೆ ಮನೆಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಒಳಗೆ ಹೋಗುತ್ತಾನೆ. ಅಕ್ಕ ಚೀಲ ಹಿಡಿದು ಬಾಗಿಲಲ್ಲಿ ನಿಂತಿರುವಾಗಲೇ ಪರದೆ ಕಪ್ಪಾಗುತ್ತದೆ. ಹೋದಳೋ ಉಳಿದಳೋ ತಿಳಿಯುವುದಿಲ್ಲ. ಅಲ್ಲಿ ನನಗೆ ಕಣ್ಣು ತುಂಬಿ ಬಂತು, ಏಕೆಂದು ಗೊತ್ತಾಗಲಿಲ್ಲ. ಅರ್ಧ ಜನ ಸ್ನೇಹಿತರು, ಆ ನಟಿಯ ಮುಖದಲ್ಲಿ ಭಾವವೇ ಇಲ್ಲ, ತಮ್ಮನೇ ನಿಜವಾದ ನಟ, ಚಿತ್ರದಲ್ಲಿ ಕಥೆಯೂ ಇಲ್ಲ ಕೊನೆಯೂ ಇಲ್ಲ ಎನ್ನುತ್ತಾರೆ. ಉಳಿದವರು ಇದೊಂದು ಮೇರುಕೃತಿ, ತಮ್ಮನ ಅಬ್ಬರವೇ ಅದಕ್ಕೆ ಕಪ್ಪುಚುಕ್ಕೆ ಎನ್ನುತ್ತಾರೆ. ಮೆಚ್ಚಿ ಬರೆದರೆ ಸೋಗು ಹಾಕಿದಂತೆ, ಬೇಸರವಾಯಿತೆಂದರೆ ರುಚಿಯಿಲ್ಲದವಳಂತೆ ಆಗುತ್ತದೆಂಬ ಅಳುಕು ನನಗೆ. ಯಾವ ಆಧಾರದ ಮೇಲೆ ಬರೆಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕೈದಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ. ಚಿತ್ರ ನೋಡುವಾಗ ನಿಮಗೆ ಆದದ್ದನ್ನು ನಂಬಬಹುದೇ, ಅಥವಾ ಅದಕ್ಕೆ ಬಲ್ಲವರ ಮುದ್ರೆ ಬೀಳುವವರೆಗೆ ಕಾಯಬೇಕೇ ಎಂಬುದು ಆ ಆತಂಕ. ನಾನು ಬಹಳ ವರ್ಷಗಳಿಂದ ಚಿತ್ರ ಸಂಕಲನದ ಕೆಲಸ ಮಾಡುತ್ತಾ ಬಂದವನು. ನಟರು ಒಂದೇ ದೃಶ್ಯವನ್ನು ಹತ್ತು ಬಾರಿ ಅಭಿನಯಿಸಿದ್ದನ್ನು ಸಾಲಾಗಿ ಕುಳಿತು ನೋಡುವುದು, ಅದರಲ್ಲಿ ಯಾವುದು ಪರದೆಗೆ ಹೋಗಬೇಕು ಎಂದು ನಿರ್ದೇಶಕರೊಂದಿಗೆ ವಾದಿಸುವುದು ನನ್ನ ದಿನನಿತ್ಯದ ಕೆಲಸ. ಆದ್ದರಿಂದ ಅಭಿನಯದ ಬಗ್ಗೆ ನಾನು ಹೇಳುವುದೆಲ್ಲ ಆ ಮೇಜಿನ ಬಳಿ ಕಲಿತದ್ದು. ನೀವು ಚಿತ್ರದ ಹೆಸರನ್ನು ಬರೆದಿಲ್ಲ, ಹಾಗಾಗಿ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ಹೇಳಲಾರೆ. ಆದರೆ ನೀವೇ ಅದನ್ನು ನಿರ್ಣಯಿಸಲು ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ನಿಮ್ಮ ಪತ್ರದಲ್ಲೇ ಇದೆ.

ಮೊದಲು ಒಂದು ಗಂಟನ್ನು ಬಿಡಿಸೋಣ. ‘ನನಗೆ ಇಷ್ಟವಾಯಿತು’ ಎನ್ನುವುದು ಒಂದು ವಾಕ್ಯ, ‘ಇದು ಚೆನ್ನಾಗಿದೆ’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಯಾರೂ ಪುರಾವೆ ಕೇಳುವಂತಿಲ್ಲ, ಎರಡನೆಯದಕ್ಕೆ ಕೇಳಿಯೇ ಕೇಳುತ್ತಾರೆ. ಕಲೆಯ ವಿಷಯದಲ್ಲಿ ಎಲ್ಲವೂ ಅವರವರ ಅಭಿರುಚಿಗೆ ಬಿಟ್ಟದ್ದು ಎನ್ನುವವರು ಈ ಎರಡನ್ನೂ ಒಂದಾಗಿಸಿ ಚರ್ಚೆಯ ಬಾಗಿಲನ್ನೇ ಮುಚ್ಚಿಬಿಡುತ್ತಾರೆ. ನಿಮಗೆ ಬೇಸರವಾದದ್ದು ನಿಜ, ಕಣ್ಣು ತುಂಬಿದ್ದೂ ನಿಜ. ಎರಡನ್ನೂ ಬರೆಯಿರಿ. ಇವುಗಳನ್ನು ತೀರ್ಪು ಎಂದು ತಿಳಿಯದೆ ಸಾಕ್ಷಿ ಎಂದು ತಿಳಿದರೆ ಸಾಕು. ಸಾಕ್ಷಿಯನ್ನು ವಿಚಾರಿಸಬೇಕಾಗುತ್ತದೆ, ಅಂದರೆ ಈ ಬೇಸರ ಎಲ್ಲಿಂದ ಬಂತು, ಈ ಕಣ್ಣೀರನ್ನು ತಂದದ್ದು ಯಾವುದು ಎಂದು ಹಿಂದಕ್ಕೆ ಹುಡುಕುತ್ತಾ ಹೋಗಬೇಕಾಗುತ್ತದೆ. ಹಾಗೆ ಹುಡುಕಿ ಬರೆದದ್ದು ಹೊಗಳಿಕೆಯಾಗಿದ್ದರೂ ಸೋಗಾಗುವುದಿಲ್ಲ, ತೆಗಳಿಕೆಯಾಗಿದ್ದರೂ ಅರಸಿಕತೆಯಾಗುವುದಿಲ್ಲ.

ಈಗ ನಟಿಯ ಮುಖದಲ್ಲಿ ಭಾವವೇ ಇಲ್ಲ ಎಂಬ ಆಕ್ಷೇಪಕ್ಕೆ ಬರೋಣ. ಭಾವವೆಂದರೆ ಮುಖದ ಮೇಲೆ ಕಾಣುವಂತೆ ಬರೆದಿರಬೇಕು, ದುಃಖವೆಂದರೆ ಕಣ್ಣೀರು ಎಂಬ ನಂಬಿಕೆ ಬಹಳ ಜನರಲ್ಲಿದೆ. ಆದರೆ ಅಭಿನಯವನ್ನು ಕುರಿತು ನಮ್ಮಲ್ಲಿರುವ ಅತ್ಯಂತ ಹಳೆಯ ಶಾಸ್ತ್ರವೇ ಇದನ್ನು ಒಪ್ಪುವುದಿಲ್ಲ. ಭರತನ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು, ಅಂದರೆ ಒಳಗಿನ ಭಾವ ದೇಹದಲ್ಲಿ ತೋರುವ ಗುರುತುಗಳನ್ನು, ಹೇಳುತ್ತದೆ: ಸ್ತಂಭ, ಸ್ವೇದ (ಬೆವರು), ರೋಮಾಂಚ, ಸ್ವರಭೇದ (ಧ್ವನಿ ಒಡೆಯುವುದು), ವೇಪಥು (ನಡುಕ), ವೈವರ್ಣ್ಯ (ಮುಖ ಬಣ್ಣಗೆಡುವುದು), ಅಶ್ರು (ಕಣ್ಣೀರು), ಪ್ರಲಯ (ಪ್ರಜ್ಞೆ ತಪ್ಪುವುದು). ಕಣ್ಣೀರು ಈ ಎಂಟರಲ್ಲಿ ಒಂದು ಮಾತ್ರ, ಅದೂ ಕೊನೆಯಿಂದ ಎರಡನೆಯದು. ಪಟ್ಟಿಯ ಆರಂಭದಲ್ಲೇ ಇರುವ ಸ್ತಂಭವೆಂದರೆ ದೇಹ ಮರಗಟ್ಟಿದಂತೆ ನಿಂತುಬಿಡುವುದು. ನಿಶ್ಚಲತೆಯನ್ನು ಅಭಿನಯದ ಅಭಾವವೆಂದು ಎಣಿಸದೆ, ಅದೂ ಒಂದು ಅಭಿನಯವೆಂದು ಆ ಶಾಸ್ತ್ರ ಗುರುತಿಸಿದೆ. ಅದೇ ಗ್ರಂಥ ನೆಲೆನಿಲ್ಲುವ ಎಂಟು ಸ್ಥಾಯಿಭಾವಗಳ ಜೊತೆಗೆ, ಬಂದು ಹೋಗುವ ಮೂವತ್ತಮೂರು ಸಂಚಾರಿ ಭಾವಗಳನ್ನು ಲೆಕ್ಕ ಹಾಕುತ್ತದೆ. ಒಂದು ದೊಡ್ಡ ದುಃಖದ ಮೇಲೆ ಶಂಕೆ, ದೈನ್ಯ, ಗ್ಲಾನಿ, ಸ್ಮೃತಿ, ಲಜ್ಜೆಗಳು ಮೋಡದ ನೆರಳಿನ ಹಾಗೆ ಹಾದು ಹೋಗುತ್ತಿರಬೇಕು ಎನ್ನುವುದು ಅದರ ತಿಳಿವಳಿಕೆ. ದುಃಖಿಯಾದ ವ್ಯಕ್ತಿಯನ್ನು ದುಃಖವೊಂದರಿಂದಲೇ ಅಭಿನಯಿಸಿದರೆ ಅದು ಚಪ್ಪಟೆಯಾಗುತ್ತದೆ ಎಂಬುದನ್ನು ನಾನು ಸಂಕಲನದ ಮೇಜಿನ ಮೇಲೆ ಪ್ರತಿ ಚಿತ್ರದಲ್ಲೂ ಕಾಣುತ್ತೇನೆ.

ಇದನ್ನು ಹೇಳಿದ ಕೂಡಲೇ ಎದುರು ಪಕ್ಷದ ತಪ್ಪನ್ನೂ ಹೇಳಲೇಬೇಕು. ಕಡಿಮೆ ಮಾಡಿದರೆ ಸಹಜ, ಸಹಜವಾದರೆ ಶ್ರೇಷ್ಠ ಎಂಬ ನಂಬಿಕೆ ಕಲಾತ್ಮಕ ಚಿತ್ರಗಳ ಸುತ್ತ ಬೆಳೆದುಕೊಂಡಿದೆ. ಇದು ಇನ್ನೂ ಅಪಾಯಕಾರಿ, ಏಕೆಂದರೆ ನಟರಿಗೆ ಅಡಗಿಕೊಳ್ಳಲು ಇದರಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ. ಏನೂ ಮಾಡದಿರುವ ಮುಖವನ್ನು ಆಳವಾದ ಮುಖದಂತೆ ತೋರಿಸುವುದು ಸಿನಿಮಾಕ್ಕೆ ಎಷ್ಟು ಸುಲಭವೆಂದು ತಿಳಿಯಲು ಸಂಕಲನದ ಇತಿಹಾಸದ ಒಂದು ಪ್ರಸಂಗ ಸಾಕು. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಎಂಬ ಚಿತ್ರ ನಿರ್ದೇಶಕ ಒಬ್ಬ ನಟನ ಒಂದೇ ನಿರ್ಭಾವ ಮುಖದ ಶಾಟನ್ನು ಒಂದು ಬಟ್ಟಲು ಸೂಪಿನ ಪಕ್ಕದಲ್ಲಿ, ಶವಪೆಟ್ಟಿಗೆಯ ಪಕ್ಕದಲ್ಲಿ, ಹೀಗೆ ಬೇರೆ ಬೇರೆ ಚಿತ್ರಗಳ ಪಕ್ಕದಲ್ಲಿ ಜೋಡಿಸಿ ತೋರಿಸಿದನಂತೆ. ನೋಡಿದವರು ಹಸಿವನ್ನೂ ಶೋಕವನ್ನೂ ಅದೇ ಮುಖದಲ್ಲಿ ಕಂಡು ನಟನನ್ನು ಕೊಂಡಾಡಿದರಂತೆ. ಆ ತುಣುಕು ಇಂದು ಉಳಿದಿಲ್ಲ, ಅದರ ವಿವರಗಳು ಹೇಳಿದವರ ಬಾಯಲ್ಲಿ ಸ್ವಲ್ಪ ಸ್ವಲ್ಪ ಬದಲಾಗಿವೆ. ಆದರೂ ಅದು ತೋರಿಸುವ ಗುಟ್ಟನ್ನು ನಾವು ಸಂಕಲನಕಾರರು ಪ್ರತಿದಿನ ಬಳಸುತ್ತೇವೆ. ನಿಮ್ಮ ಕಣ್ಣಿಗೆ ಕಂಡ ಭಾವ ನಟನದ್ದೇ ಆಗಿರಬೇಕಿಲ್ಲ, ಅದು ಎರಡು ಶಾಟುಗಳ ನಡುವಿನ ಸಂದಿಯಲ್ಲಿ ಹುಟ್ಟಿ ನಿಮ್ಮ ಮನಸ್ಸೇ ತುಂಬಿಕೊಂಡದ್ದೂ ಆಗಿರಬಹುದು.

ಆದ್ದರಿಂದ ಪರದೆಯ ಮೇಲಿನ ಅಭಿನಯವನ್ನು ನಿರ್ಣಯಿಸುವವರು ಅದು ತಯಾರಾಗುವ ರೀತಿಯನ್ನು ಒಂದಿಷ್ಟು ತಿಳಿದಿರುವುದು ಒಳ್ಳೆಯದು. ರಂಗದ ಮೇಲಿನ ನಟ ಆರಂಭದಿಂದ ಕೊನೆಯವರೆಗೆ ಪಾತ್ರವನ್ನು ಒಂದೇ ಉಸಿರಿನಲ್ಲಿ ಹೊತ್ತು ನಡೆಯುತ್ತಾನೆ. ಸಿನಿಮಾದ ನಟನಿಗೆ ಆ ಭಾಗ್ಯವಿಲ್ಲ. ಸ್ಥಳದ, ಬೆಳಕಿನ, ಸಹನಟರ ಸಮಯದ ಅನುಕೂಲ ನೋಡಿಕೊಂಡು ದೃಶ್ಯಗಳನ್ನು ಹಿಂದುಮುಂದಾಗಿ ಚಿತ್ರಿಸುವುದರಿಂದ, ಕೊನೆಯ ವಿದಾಯವನ್ನು ಮೊದಲ ವಾರವೇ ಅಭಿನಯಿಸಿ, ಮೊದಲ ಭೇಟಿಯನ್ನು ಕೊನೆಯ ದಿನ ಅಭಿನಯಿಸಬೇಕಾಗಿ ಬರಬಹುದು. ನೀವು ನೋಡುವ ಒಂದು ಸಂಭಾಷಣೆ ಐದಾರು ಟೇಕುಗಳ, ಅಂದರೆ ಅದನ್ನೇ ಮತ್ತೆ ಮತ್ತೆ ಚಿತ್ರಿಸಿದ ಸಲಗಳ, ತುಣುಕುಗಳಿಂದ ಹೊಲಿದದ್ದಾಗಿರುತ್ತದೆ. ಒಬ್ಬರು ಮಾತಾಡಿ ಮುಗಿಸಿದ ಮೇಲೆ ಇನ್ನೊಬ್ಬರು ಉತ್ತರಿಸುವ ಮುನ್ನ ಬರುವ ಆ ಅರ್ಥಗರ್ಭಿತ ಮೌನ ಎಷ್ಟೋ ಸಲ ನಾವು ಸೇರಿಸಿದ ಹನ್ನೆರಡು ಫ್ರೇಮುಗಳು, ಅಂದರೆ ಅರ್ಧ ಸೆಕೆಂಡು. ಧ್ವನಿಯನ್ನು ಆಮೇಲೆ ಸ್ಟುಡಿಯೋದಲ್ಲಿ ಮುದ್ರಿಸಿರಬಹುದು. ಕೆಲವೊಮ್ಮೆ ಅದು ಆ ನಟರ ಧ್ವನಿಯೇ ಆಗಿರುವುದಿಲ್ಲ, ಆಗ ವಾಚಿಕಾಭಿನಯದ, ಅಂದರೆ ಮಾತಿನ ಅಭಿನಯದ, ಹೊಗಳಿಕೆಯೆಲ್ಲ ಪರದೆಯ ಮೇಲೆ ಕಾಣದ ಇನ್ನೊಬ್ಬರಿಗೆ ಸಲ್ಲಬೇಕಾಗುತ್ತದೆ.

ಇದನ್ನು ಓದಿ, ಹಾಗಾದರೆ ನಟರನ್ನು ನಿರ್ಣಯಿಸುವುದೇ ಅಸಾಧ್ಯ ಎಂದುಕೊಳ್ಳಬೇಡಿ. ಸಂಕಲನಕಾರ ಕೊಡಲಾಗದ ಕೆಲವು ಸಂಗತಿಗಳಿವೆ. ಕತ್ತರಿ ಬೀಳದ ಒಂದೇ ಶಾಟಿನೊಳಗೆ ಆಗುವ ಬದಲಾವಣೆಯನ್ನು ನಾನು ಸೃಷ್ಟಿಸಲಾರೆ. ಒಬ್ಬರ ಮಾತನ್ನು ಮೊದಲ ಬಾರಿ ಕೇಳುತ್ತಿರುವಂತೆ ಕೇಳಿಸಿಕೊಳ್ಳುವುದನ್ನು ಕೊಡಲಾರೆ. ನಟರಲ್ಲಿ ಅತ್ಯಂತ ಅಪರೂಪದ ಗುಣವೇ ಈ ಕೇಳಿಸಿಕೊಳ್ಳುವಿಕೆ, ಮತ್ತು ಅದನ್ನು ಗಮನಿಸುವ ಪ್ರೇಕ್ಷಕರೂ ಅಷ್ಟೇ ಅಪರೂಪ. ಒಂದು ವಸ್ತುವನ್ನು ಅದರೊಂದಿಗೆ ವರ್ಷಗಟ್ಟಲೆ ಬಾಳಿದವರಂತೆ ಮುಟ್ಟುವ ಕೈಯನ್ನೂ ನಾನು ಕೊಡಲಾರೆ. ಮುಖ ಸುಳ್ಳು ಹೇಳಬಲ್ಲದು, ಕೈಗೆ ಅದು ಕಷ್ಟ.

ಈ ಬೆಳಕಿನಲ್ಲಿ ಬಟ್ಟೆ ಮಡಿಸುವ ದೃಶ್ಯವನ್ನು ನೋಡಿ. ನಾಲ್ಕು ನಿಮಿಷ, ಒಂದೇ ಶಾಟ್, ಅಲುಗದ ಕ್ಯಾಮೆರಾ. ಸಂಕಲನಕಾರನ ಸಹಾಯವಿಲ್ಲ, ಕ್ಯಾಮೆರಾ ಹತ್ತಿರ ಹೋಗಿ ‘ಇಲ್ಲಿ ನೋಡಿ’ ಎನ್ನುವುದಿಲ್ಲ. ಅಲ್ಲಿ ಹಿನ್ನೆಲೆ ಸಂಗೀತವಿತ್ತೇ ಎಂದು ನೀವು ಬರೆದಿಲ್ಲ, ಅದೊಂದನ್ನು ನೆನಪಿಸಿಕೊಳ್ಳಿ. ಇದ್ದರೆ ಅರ್ಧ ಕೆಲಸ ಸಂಗೀತದ್ದಾಗಿರಬಹುದು. ಇಲ್ಲದಿದ್ದರೆ ಆ ನಾಲ್ಕು ನಿಮಿಷವನ್ನು ಹಿಡಿದು ನಿಂತದ್ದು ಆ ನಟಿ ಮತ್ತು ಆ ದೃಶ್ಯವನ್ನು ಹಾಗೆ ಕಲ್ಪಿಸಿದ ನಿರ್ದೇಶಕರು. ಇನ್ನೊಂದು ಮಾತು. ಇಡೀ ಚಿತ್ರದಲ್ಲಿ ಬೇಸರವಾಯಿತೆಂದು ನೀವು ಬರೆದಿರುವುದು ಮೊದಲ ಅರ್ಧ ಗಂಟೆಯ ಬಗ್ಗೆ, ಈ ದೃಶ್ಯದ ಬಗ್ಗೆ ಅಲ್ಲ. ಬದಲಿಗೆ, ಒಂದು ಅಂಗಿಯನ್ನು ಮೂರು ಸಲ ಮಡಿಸಿದಳೆಂದು ನೀವು ಎಣಿಸಿದ್ದೀರಿ. ಭಾವವೇ ಇಲ್ಲದ ಮುಖವನ್ನು ನೋಡುತ್ತಿದ್ದವರು ಅಂಗಿಯನ್ನು ಎಣಿಸುವುದಿಲ್ಲ. ಮೊದಲ ಬಾರಿ ಮಡಿಸಿದ ಅಂಗಿಯನ್ನು ಮತ್ತೆ ಬಿಚ್ಚಲು ಅವಳೊಳಗೆ ಏನೋ ಒಂದು ತೀರ್ಮಾನವಾಗಿರಬೇಕು, ಮೂರನೆಯ ಬಾರಿಗೆ ಆ ತೀರ್ಮಾನ ಬದಲಾಗಿರಬೇಕು. ಆ ಮೂರು ಮಡಿಕೆಗಳು ಒಂದೇ ರೀತಿ ಇದ್ದವೇ? ಕೊನೆಯ ಸಲ ಕೈ ನಿಧಾನವಾಯಿತೇ, ಅಥವಾ ಬೇಗ ಮುಗಿಸಿಬಿಡುವ ಆತುರ ಬಂತೇ? ಮೂರೂ ಒಂದೇ ರೀತಿ ಇದ್ದರೆ ಅದು ನಿರ್ದೇಶಕರು ಹೇಳಿಕೊಟ್ಟ ಕ್ರಿಯೆಯಷ್ಟೇ. ಮೂರೂ ಬೇರೆ ಬೇರೆಯಾಗಿದ್ದರೆ, ಮಾತಿಲ್ಲದೆ ಒಂದು ಪುಟ್ಟ ಕಥೆಯನ್ನು ಆ ನಟಿ ಹೇಳಿದ್ದಾಳೆ. ನಿಮ್ಮ ಗೆಳೆಯರಲ್ಲಿ ಎರಡೂ ಪಕ್ಷದವರು ವಾದಿಸಬೇಕಾದದ್ದು ಇದನ್ನು ಕುರಿತು.

ನಿರ್ಭಾವ ಮುಖವನ್ನೇ ಬಯಸುವ ನಿರ್ದೇಶಕರೂ ಇದ್ದಾರೆ ಎಂಬುದನ್ನು ಇಲ್ಲಿ ಸೇರಿಸಬೇಕು. ಫ್ರಾನ್ಸಿನ ರಾಬರ್ಟ್ ಬ್ರೆಸೋನ್ ವೃತ್ತಿನಟರನ್ನು ದೂರವಿಟ್ಟು, ತನ್ನ ಪಾತ್ರಧಾರಿಗಳನ್ನು ನಟರೆಂದು ಕರೆಯದೆ ‘ಮಾಡೆಲ್‌’ಗಳೆಂದು ಕರೆದು, ಉದ್ದೇಶಪೂರ್ವಕ ಭಾವವೆಲ್ಲ ಸವೆದುಹೋಗುವವರೆಗೆ ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಅಂಥ ಚಿತ್ರದಲ್ಲಿ ಒಬ್ಬರನ್ನು ‘ಚೆನ್ನಾಗಿ ಅಭಿನಯಿಸಲಿಲ್ಲ’ ಎನ್ನುವುದು ತಂಬೂರಿ ರಾಗ ಹಾಡಲಿಲ್ಲ ಎಂದಂತೆ. ಹಾಗಾಗಿ ಚಿತ್ರದ ಉಳಿದ ಪಾತ್ರಗಳೂ ಇದೇ ಮಟ್ಟದಲ್ಲಿ ಅಭಿನಯಿಸಿವೆಯೇ ಎಂದು ನೋಡಬೇಕು. ನಿಮ್ಮ ಚಿತ್ರದಲ್ಲಿ ತಮ್ಮ ತಟ್ಟೆ ಎಸೆಯುತ್ತಾನೆಂದ ಮೇಲೆ ಇದು ಆ ಬಗೆಯ ಚಿತ್ರವಲ್ಲ. ಅಕ್ಕನ ಮೌನ ಚಿತ್ರದ ಶೈಲಿಯಿಂದ ಬಂದದ್ದಲ್ಲ, ಅವಳ ಸ್ವಭಾವದಿಂದ ಬಂದದ್ದು, ಮತ್ತು ತಮ್ಮನ ಅಬ್ಬರಕ್ಕೆ ಎದುರಾಗಿ ಇಟ್ಟದ್ದು.

ತಮ್ಮನ ದೃಶ್ಯಕ್ಕೆ ಬರುತ್ತೇನೆ. ಅಳುವುದು, ಕೂಗುವುದು ಕೀಳು ಅಭಿನಯವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ವರ್ಷ ಒಬ್ಬನೇ ಹೊತ್ತ ಭಾರ ಒಂದು ರಾತ್ರಿ ಸ್ಫೋಟಿಸುವುದರಲ್ಲಿ ಅಸಹಜವಾದದ್ದೇನೂ ಇಲ್ಲ. ಹನ್ನೊಂದನೆಯ ಶತಮಾನದ ಸಂಸ್ಕೃತ ಕವಿ ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವವೆಂದನು. ಆ ಮಾತು ನಟನ ಧ್ವನಿಯ ಏರಿಳಿತಕ್ಕೂ ಹಾಗೆಯೇ ಸಲ್ಲುತ್ತದೆ. ಎಷ್ಟು ಜೋರು ಎಂಬುದಕ್ಕಿಂತ, ಆ ಹೊತ್ತಿಗೆ, ಆ ವ್ಯಕ್ತಿಗೆ, ಎದುರಿಗಿರುವವರಿಗೆ ಅದು ತಕ್ಕದ್ದೇ ಎಂಬುದು ಮುಖ್ಯ. ಆ ಕೂಗು ಯಾರಿಗಾಗಿ ಎಂದು ನಾನು ಯಾವಾಗಲೂ ನೋಡುತ್ತೇನೆ. ತಮ್ಮ ಅಕ್ಕನಿಂದ ಏನನ್ನೋ ಪಡೆಯಲು, ಒಂದು ಕ್ಷಮೆಯನ್ನೋ ಒಂದು ಉತ್ತರವನ್ನೋ ಪಡೆಯಲು ಕೂಗುತ್ತಿದ್ದರೆ ಅವನ ಗಮನ ಅವಳ ಮೇಲಿರುತ್ತದೆ. ಅವಳು ಒಂದು ಹೆಜ್ಜೆ ಹಿಂದಿಟ್ಟರೆ ಅವನ ಧ್ವನಿ ಬದಲಾಗುತ್ತದೆ. ಅವನು ತನ್ನ ದುಃಖವನ್ನು ನಮಗೆ ತೋರಿಸಲು ಕೂಗುತ್ತಿದ್ದರೆ ಅಕ್ಕ ಅಲ್ಲಿ ಇದ್ದರೂ ಇಲ್ಲದಿದ್ದರೂ ಒಂದೇ. ಜೊತೆಗೆ, ನಿಜಜೀವನದಲ್ಲಿ ಅಳು ಬಂದವರು ಸಾಮಾನ್ಯವಾಗಿ ಅದನ್ನು ತಡೆಯಲು ಹೆಣಗುತ್ತಾರೆ. ಆ ಹೆಣಗಾಟ ನಮ್ಮನ್ನು ಕಲಕುವಷ್ಟು ಕಣ್ಣೀರು ಕಲಕುವುದಿಲ್ಲ. ಅಳಲು ಹೆಣಗುವ ನಟನಿಗೂ ಅಳದಿರಲು ಹೆಣಗುವ ನಟನಿಗೂ ನಡುವಿನ ಅಂತರವನ್ನು ಪರದೆ ಮರೆಮಾಚುವುದಿಲ್ಲ.

ಒಂದು ಅನುಭವವನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಚಿತ್ರದಲ್ಲಿ ಹಿರಿಯ ನಟರೊಬ್ಬರು ಮಗನ ಸಾವಿನ ಸುದ್ದಿ ಕೇಳುವ ದೃಶ್ಯವಿತ್ತು. ಮೊದಲ ಟೇಕಿನಲ್ಲಿ ಅವರು ಕುಸಿದು ಅತ್ತದ್ದನ್ನು ಕಂಡು ಚಿತ್ರೀಕರಣದ ತಂಡವೇ ಕಣ್ಣೊರೆಸಿಕೊಂಡಿತೆಂದು ಕೇಳಿದ್ದೆ. ನಾನೂ ಆ ತುಣುಕನ್ನು ನೋಡಿ ಬೆರಗಾದೆ. ಆದರೆ ಹಿಂದಿನ, ಮುಂದಿನ ದೃಶ್ಯಗಳ ನಡುವೆ ಅದನ್ನು ಇಟ್ಟಾಗ ಚಿತ್ರ ಅಲ್ಲಿಗೇ ಮುಗಿದುಹೋದಂತಾಯಿತು, ಏಕೆಂದರೆ ಎರಡು ದೃಶ್ಯಗಳ ನಂತರ ಅವರು ಸೊಸೆಯ ಎದುರು ನಿಲ್ಲಬೇಕಾದಾಗ ಪ್ರೇಕ್ಷಕನಲ್ಲಿ ಉಳಿದದ್ದೇನೂ ಇರಲಿಲ್ಲ. ಐದನೆಯ ಟೇಕಿನಲ್ಲಿ, ಬಹುಶಃ ದಣಿವಿನಿಂದ, ಅವರು ಸುಮ್ಮನೆ ಗಂಟಲು ಸರಿಪಡಿಸಿಕೊಂಡು ಪಕ್ಕದಲ್ಲಿದ್ದ ಕುರ್ಚಿಯನ್ನು ನೇರ ಮಾಡಿದ್ದರು. ಅದನ್ನೇ ಇಟ್ಟೆವು. ನಿರ್ದೇಶಕರು ಮೂರು ದಿನ ಒಪ್ಪಿರಲಿಲ್ಲ. ಬಿಡಿಯಾಗಿ ನೋಡಿದರೆ ಮೊದಲ ಟೇಕೇ ಹೆಚ್ಚಿನ ಅಭಿನಯ, ಇಡೀ ಪಾತ್ರಕ್ಕೆ ಐದನೆಯದು. ಅಂದಿನಿಂದ ಒಂದು ದೃಶ್ಯವನ್ನು ಮಾತ್ರ ಕಿತ್ತು ನೋಡಿ ನಟನನ್ನು ಅಳೆಯುವುದನ್ನು ಬಿಟ್ಟಿದ್ದೇನೆ. ಬಹುಮಾನಗಳ ಸಂದರ್ಭದಲ್ಲಿ ತೋರಿಸುವ ಅರ್ಧ ನಿಮಿಷದ ತುಣುಕುಗಳು ಹೆಚ್ಚಾಗಿ ಮೊದಲ ಟೇಕಿನ ಜಾತಿಯವು.

ನಟರು ನಿಜವಾಗಿ ಅನುಭವಿಸಿದರೇ ಎಂಬ ಪ್ರಶ್ನೆಯಲ್ಲಿ ನಿಮ್ಮ ಗುಂಪು ಕಾಲ ಕಳೆಯುವುದು ಬೇಡ. ಹದಿನೆಂಟನೆಯ ಶತಮಾನದ ದಿದೆರೋ ಎಂಬ ಫ್ರೆಂಚ್ ಚಿಂತಕ ಇದನ್ನೇ ಕುರಿತು ಒಂದು ಸಂವಾದ ಬರೆದು, ಪ್ರೇಕ್ಷಕನನ್ನು ಅಳಿಸುವ ನಟ ಸ್ವತಃ ತಣ್ಣಗಿರುತ್ತಾನೆಂದು ವಾದಿಸಿದ. ಅದು ಅಚ್ಚಾದದ್ದು ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1830ರಲ್ಲಿ. ವಾದ ಇನ್ನೂ ಮುಗಿದಿಲ್ಲ. ನಟರ ಒಳಗು ನಮಗೆ ಕಾಣುವುದಿಲ್ಲ, ಕಾಣುವುದು ಪರದೆಯಷ್ಟೇ.

ಕಥೆಯೇ ಇಲ್ಲವೆಂಬ ದೂರಿನಲ್ಲಿ ‘ಕಥೆ’ ಎಂಬ ಪದವನ್ನು ‘ಘಟನೆ’ ಎಂಬ ಅರ್ಥದಲ್ಲಿ ಬಳಸಲಾಗಿದೆ. ಘಟನೆಗಳು ಕಡಿಮೆ ಇರುವುದು ನಿಜ. ಆದರೆ ಒಂದು ಮನೆಯಲ್ಲಿ ಇಬ್ಬರ ನಡುವೆ ಇದ್ದ ಸಂಬಂಧ ಮೊದಲ ದೃಶ್ಯದಲ್ಲಿದ್ದಂತೆ ಕೊನೆಯ ದೃಶ್ಯದಲ್ಲಿ ಇಲ್ಲದಿದ್ದರೆ, ಮತ್ತು ಆ ಬದಲಾವಣೆಯ ಒಂದೊಂದು ಮೆಟ್ಟಿಲೂ ನಮಗೆ ಕಂಡಿದ್ದರೆ, ಅಲ್ಲಿ ಕಥೆ ಇದೆ. ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಕಾವ್ಯದ ಬಗ್ಗೆ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮಾತು ನೇರವಾಗಿ ಹೇಳುವ ವಾಚ್ಯಾರ್ಥ ಒಂದು, ಅದು ಧ್ವನಿಸುವ ಅರ್ಥ ಇನ್ನೊಂದು, ಉತ್ತಮ ಕಾವ್ಯದಲ್ಲಿ ಎರಡನೆಯದೇ ಪ್ರಧಾನ. ಬಟ್ಟೆ ಮಡಿಸುವುದು ವಾಚ್ಯ. ತಂದೆಯ ಅಂಗಿಯನ್ನು ಇಟ್ಟುಕೊಳ್ಳುವ ಹಕ್ಕು ತನಗಿದೆಯೇ ಎಂಬ ಅಳುಕು ಅದು ಧ್ವನಿಸುವ ಅರ್ಥ. ಬೆಲ್ಜಿಯಂನ ಶಾಂತಲ್ ಆಕರ್ಮನ್ 1975ರಲ್ಲಿ ಮಾಡಿದ ‘ಜೀನ್ ಡೀಲ್ಮನ್’ ಮೂರು ಗಂಟೆಗೂ ಮೀರಿದ ಚಿತ್ರ, ಒಬ್ಬ ವಿಧವೆಯ ಮೂರು ದಿನಗಳ ಮನೆಗೆಲಸವನ್ನು ಅಲುಗದ ಕ್ಯಾಮೆರಾದಿಂದ ತೋರಿಸುತ್ತದೆ. ಮೊದಲ ದಿನದ ಕ್ರಮ ನಮ್ಮ ಮೈಗೆ ಹತ್ತಿದ ಮೇಲೆ, ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುವುದು ಒಂದು ಅನಾಹುತದಂತೆ ತಟ್ಟುತ್ತದೆ. ನಿಧಾನ ಅಲ್ಲಿ ಅಲಂಕಾರವಲ್ಲ. ಸಣ್ಣದು ದೊಡ್ಡದಾಗಿ ಕಾಣಬೇಕಾದರೆ ಮೊದಲು ನಮ್ಮ ಕಣ್ಣಿನ ಅಳತೆ ಬದಲಾಗಬೇಕು, ಆ ಚಿತ್ರ ಕಾಲವನ್ನು ಖರ್ಚು ಮಾಡುವುದು ಅದಕ್ಕಾಗಿ. ಇದಕ್ಕೆ ವಿರುದ್ಧ ದಾರಿಯೂ ಇದೆ. ಜಪಾನಿನ ನಿರ್ದೇಶಕ ಒಜು 1949ರ ‘ಲೇಟ್ ಸ್ಪ್ರಿಂಗ್’ನಲ್ಲಿ ಇಡೀ ಕಥೆ ಮಗಳ ಮದುವೆಯ ಸುತ್ತ ತಿರುಗಿದರೂ ಮದುವೆಯನ್ನು ತೋರಿಸುವುದಿಲ್ಲ, ವರನ ಮುಖವೂ ಪರದೆಗೆ ಬರುವುದಿಲ್ಲ. ಬಿಟ್ಟದ್ದರಿಂದಲೂ ಕಥೆ ಹೇಳಬಹುದು.

ಹಾಗಾದರೆ ನಿಮ್ಮ ಬೇಸರ? ಬೇಸರಗಳೆಲ್ಲ ಒಂದೇ ಅಲ್ಲ. ಚಿತ್ರದ ನಡಿಗೆಗೆ ನಮ್ಮ ಉಸಿರು ಹೊಂದಿಕೊಳ್ಳುವವರೆಗೆ ಆಗುವ ಬೇಸರವೊಂದು. ಅದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಕಳೆದುಹೋಗುವುದುಂಟು, ಅದಕ್ಕೆ ಚಿತ್ರವನ್ನು ದೂರುವುದು ನ್ಯಾಯವಲ್ಲ. ತಿಳಿದದ್ದನ್ನೇ ಚಿತ್ರ ಮತ್ತೆ ಹೇಳುತ್ತಿರುವಾಗ ಆಗುವ ಬೇಸರ ಇನ್ನೊಂದು, ಅದು ನಿಜವಾದ ದೋಷ. ನೀವು ವಿವರಿಸಿದ ಅರ್ಧ ಗಂಟೆಯಲ್ಲಿ ಪಕ್ಕದ ಮನೆಯವಳು ಬಂದು ಹಿಂದಿನದನ್ನೆಲ್ಲ ಹೇಳುತ್ತಾಳೆ. ಮೂರು ಮಡಿಕೆಗಳಲ್ಲಿ ಅಷ್ಟು ಹೇಳಬಲ್ಲ ಚಿತ್ರಕ್ಕೆ ಮಾತಿನ ಈ ಸಹಾಯ ಏಕೆ ಬೇಕಾಯಿತು? ಚಿತ್ರಕಥೆಯನ್ನು ಬರೆದವರಿಗೆ ತಮ್ಮ ದೃಶ್ಯಗಳ ಮೇಲೆ ಇನ್ನೂ ನಂಬಿಕೆ ಬಂದಿರಲಿಲ್ಲವೇನೋ. ಅಕ್ಕ ಏಕೆ ಹೋದಳೆಂಬುದು ಪಕ್ಕದ ಮನೆಯವಳ ಬಾಯಿಂದ ಆಗಲೇ ತಿಳಿದುಬಿಟ್ಟಿದ್ದರೆ, ತಮ್ಮನ ಸ್ಫೋಟದಿಂದ ತಿಳಿಯಬೇಕಾದದ್ದರಲ್ಲಿ ಸ್ವಲ್ಪ ಸೋರಿಹೋಗಿದೆ. ಆಗ ತಮ್ಮನ ಪಾತ್ರಧಾರಿ ಧ್ವನಿಯನ್ನು ಏರಿಸಿ ಆ ಕೊರತೆಯನ್ನು ತುಂಬಿರಲೂಬಹುದು. ನಟನ ಅತಿರೇಕದಂತೆ ಕಾಣುವುದು ಹಲವು ಸಲ ಬರವಣಿಗೆಯ ಸಾಲವನ್ನು ನಟ ತೀರಿಸುತ್ತಿರುವುದು. ಇದನ್ನು ನೀವು ಧೈರ್ಯವಾಗಿ ಬರೆಯಬಹುದು. ಒಂದು ಚಿತ್ರದ ಮೊದಲ ಭಾಗ ದುರ್ಬಲವೆಂದು ಹೇಳಿ ಉಳಿದದ್ದನ್ನು ಮನಸಾರೆ ಮೆಚ್ಚುವುದರಲ್ಲಿ ವಿರೋಧವೇನೂ ಇಲ್ಲ.

ಬರೆಯುವ ಮುನ್ನ ಏನು ಮಾಡಬಹುದು ಎಂಬುದಕ್ಕೆ ನಿಮ್ಮ ಮುಂದೆ ಕೆಲವು ದಾರಿಗಳಿವೆ, ಯಾವುದೂ ಅಪಾಯವಿಲ್ಲದ್ದಲ್ಲ. ಮೊದಲ ನೋಟದ ನೆನಪಿನಿಂದಲೇ ಬರೆದರೆ ಅನುಭವ ಬಿಸಿಯಾಗಿರುತ್ತದೆ. ಆದರೆ ನೆನಪು ದೃಶ್ಯಗಳನ್ನು ತಿದ್ದುತ್ತದೆ, ಇಲ್ಲದ ಕ್ಲೋಸ್ ಅಪ್‌ಗಳನ್ನು ನಾನೇ ಪ್ರಮಾಣ ಮಾಡಿ ಹೇಳಿದ್ದುಂಟು. ಎರಡನೆಯ ಬಾರಿ ನೋಡಿದರೆ ವಿವರಗಳು ನಿಖರವಾಗುತ್ತವೆ. ಆದರೆ ಕೊನೆ ಗೊತ್ತಿರುವುದರಿಂದ ಎಲ್ಲ ಸಣ್ಣ ಕ್ರಿಯೆಗಳೂ ಅರ್ಥಪೂರ್ಣವಾಗಿ ಕಾಣತೊಡಗಿ ಚಿತ್ರಕ್ಕೆ ಅದು ಗಳಿಸದ ಅಂಕಗಳು ಸಿಕ್ಕಿಬಿಡಬಹುದು. ಎರಡೂ ಬೇಕೆಂಬುದು ನನ್ನ ಸಲಹೆ: ಈಗಲೇ ಒಂದು ಪುಟ ಬರೆದಿಟ್ಟು, ಆಮೇಲೆ ಮತ್ತೆ ನೋಡಿ, ಮೊದಲ ಪುಟವನ್ನು ಅಳಿಸದೆ ಅದರೊಂದಿಗೆ ಜಗಳವಾಡಿ. ತಮ್ಮನ ದೃಶ್ಯವನ್ನು ಒಮ್ಮೆ ಧ್ವನಿ ಮುಚ್ಚಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ದೇಹ ಮತ್ತು ಧ್ವನಿ ಬೇರೆ ಬೇರೆ ಕಥೆ ಹೇಳುತ್ತಿದ್ದರೆ ತಕ್ಷಣ ತಿಳಿಯುತ್ತದೆ. ಆ ದೃಶ್ಯದಲ್ಲಿ ಅಕ್ಕನ ಮುಖ ಎಷ್ಟು ಹೊತ್ತು ಕಾಣುತ್ತದೆ ಎಂದೂ ಗಮನಿಸಿ. ಕೂಗುವವನ ದೃಶ್ಯವನ್ನು ಕೇಳುವವಳೇ ಎತ್ತಿ ಹಿಡಿದಿರುವುದು ಅಪರೂಪವಲ್ಲ. ಈ ಬಗೆಯ ಪರೀಕ್ಷೆಯನ್ನು ಎರಡು ಮೂರು ದೃಶ್ಯಗಳಿಗೆ ಮಾತ್ರ ಇಟ್ಟುಕೊಳ್ಳಿ, ಇಡೀ ಚಿತ್ರವನ್ನು ಹೀಗೆ ಬಿಡಿಸಿದರೆ ಕೊನೆಗೆ ಕೈಯಲ್ಲಿ ಉಳಿಯುವುದು ದಾರ ಮಾತ್ರ. ನಿರ್ದೇಶಕರ ಸಂದರ್ಶನಗಳನ್ನು ಬರೆದು ಮುಗಿಸುವವರೆಗೆ ಓದಬೇಡಿ ಎಂದೇ ಹೇಳುತ್ತೇನೆ. ಅವರು ಏನು ಮಾಡಲು ಹೊರಟಿದ್ದರೆಂದು ತಿಳಿದ ಕೂಡಲೇ ನಾವು ಪರದೆಯ ಮೇಲೆ ಇರುವುದನ್ನು ಬಿಟ್ಟು ಇರಬೇಕಾದದ್ದನ್ನು ನೋಡತೊಡಗುತ್ತೇವೆ.

ಉಳಿದದ್ದು ಕೊನೆಯ ದೃಶ್ಯ. ಉತ್ತರ ಹೇಳದೆ ಮುಗಿಯುವ ಚಿತ್ರಗಳಲ್ಲಿ ಧೈರ್ಯದಿಂದ ಹಾಗೆ ಮುಗಿದವೂ ಇವೆ, ಹೇಗೆ ಮುಗಿಸಬೇಕೆಂದು ತಿಳಿಯದೆ ಕೈಬಿಟ್ಟವೂ ಇವೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಬೇರ್ಪಡಿಸಲು ನಾನು ಬಳಸುವ ಅಳತೆಯೊಂದಿದೆ. ಚಿತ್ರ ಮೊದಲಿನಿಂದ ಕೇಳುತ್ತಾ ಬಂದ ಪ್ರಶ್ನೆ ಯಾವುದು ಎಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ಕೊನೆ ಬಿಟ್ಟುಬಿಟ್ಟದ್ದು ಆ ಪ್ರಶ್ನೆಯನ್ನೇ, ಅಥವಾ ಬೇರೊಂದನ್ನೇ ಎಂದು ನೋಡುತ್ತೇನೆ. ಅಕ್ಕ ಉಳಿಯುತ್ತಾಳೋ ಹೋಗುತ್ತಾಳೋ ಎಂಬುದೇ ನಿಮ್ಮ ಚಿತ್ರದ ಪ್ರಶ್ನೆಯಾಗಿದ್ದರೆ, ಪರದೆಯನ್ನು ಕಪ್ಪಾಗಿಸಿದ್ದು ತಪ್ಪಿಸಿಕೊಳ್ಳುವಿಕೆಯೇ ಸರಿ. ಆದರೆ ನೀವು ಬರೆದದ್ದನ್ನು ಓದಿದಾಗ ನನಗೆ ಹಾಗನ್ನಿಸಲಿಲ್ಲ. ಬಿಟ್ಟುಹೋದವಳಿಗೆ ಈ ಮನೆಯಲ್ಲಿ ಇನ್ನೂ ಜಾಗವಿದೆಯೇ ಎಂಬುದು ಆ ಚಿತ್ರದ ಪ್ರಶ್ನೆಯಾಗಿರುವಂತಿದೆ, ಬಟ್ಟೆ ಮಡಿಸುವಾಗ ಅವಳ ಕೈ ಕೇಳುತ್ತಿದ್ದುದೂ ಅದನ್ನೇ. ಹಾಗಿದ್ದರೆ ಉತ್ತರ ಬಾಗಿಲ ಬಳಿ ಬರಬೇಕಾಗಿರಲಿಲ್ಲ, ಅದಕ್ಕೂ ಮುನ್ನವೇ ಬಂದಾಗಿತ್ತು. ತಟ್ಟೆ ಎಸೆದ ಕೈ ಕೀಲಿಕೈಯನ್ನು ಮಾತಿಲ್ಲದೆ ಮೇಜಿನ ಮೇಲೆ ಇಟ್ಟು ಒಳಗೆ ಹೋದಾಗ ಬಂದಾಗಿತ್ತು. ಏಕೆಂದು ಗೊತ್ತಾಗದೆ ನಿಮ್ಮ ಕಣ್ಣು ತುಂಬಿದ್ದು ಆ ಹೊತ್ತಿಗೆ. ತಮ್ಮನ ಪಾತ್ರಧಾರಿಯನ್ನು ಅಳೆಯಬೇಕಾದ ದೃಶ್ಯವೂ ಬಹುಶಃ ಅದೇ, ಅಬ್ಬರದ ರಾತ್ರಿಯಲ್ಲ.

ಎರಡನೆಯ ಬಾರಿ ನೋಡುವಾಗ ಅವನು ಕೀಲಿಕೈಯನ್ನು ಹೇಗೆ ಇಡುತ್ತಾನೆ, ಇಟ್ಟ ಮೇಲೆ ಬೆರಳು ಅದರ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡಿ. ಆಮೇಲೆ ಅಕ್ಕ ಚೀಲ ಹಿಡಿದು ಬಾಗಿಲಲ್ಲಿ ನಿಂತ ಆ ಕೊನೆಯ ಶಾಟಿನಲ್ಲಿ, ಅವಳ ಹಿಂದೆ ಮೇಜು ಕಾಣುವಂತಿದ್ದರೆ, ಅದರ ಮೇಲೆ ಕೀಲಿಕೈ ಇನ್ನೂ ಇದೆಯೇ ಎಂದು ನೋಡಿ.